ಮೂಲೆ ಮುರಿದ ಗಾಜು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಗಾಜಿನ ಅಂಗಡಿ ಇಟ್ಟಿರುವ ತುಕಾರಾಮ ನಲವತ್ತು ವರ್ಷ ಗಾಜು ಕೊಯ್ದ ಮನುಷ್ಯ. ಆದರೆ ಗಾಜಿಗೆ ಮೊದಲ ಸಲ ಹೆದರಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದೂ ತನ್ನ ಅಂಗಡಿಯಲ್ಲಿ ಅಲ್ಲ, ನಿಡೋಣಿ ಹಳ್ಳಿಯ ಒಂದು ಮನೆಯ ದೇವರ ಖೋಲಿಯ ಮುಂದೆ. ಕೈ ಕೊಯ್ದೀತು ಎಂಬ ಹೆದರಿಕೆ ಇದ್ದವರು ಈ ಕಸುಬಿಗೆ ಬರುವುದೇ ಇಲ್ಲ. ಅವನಿಗೆ ಬಂದದ್ದು ಬೇರೆ ಬಗೆಯದು. ತುಂಬಿದ ಹೊಳೆಯ ದಂಡೆಗೆ ನಿಂತಾಗ ಕೈ ತಾನಾಗಿ ಮುಗಿಯುತ್ತದಲ್ಲ, ಅಂಥದ್ದು.

ಅವನಿಗೆ ಕಸುಬು ಕಲಿಸಿದವರು ದಾದಾಸಾಬರು. ಅವರ ಹತ್ತಿರ ಸೇರಿದಾಗ ತುಕಾರಾಮನಿಗೆ ಹದಿನೆಂಟು. ಆಗ ಅದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಫೋಟೊ, ಮದುವೆಯ ಫೋಟೊ, ತೀರಿಕೊಂಡವರ ಫೋಟೊ, ಎಲ್ಲಕ್ಕೂ ಒಂದೇ ಗಾಜು. ಮೊದಲ ಆರು ತಿಂಗಳು ದಾದಾಸಾಬರು ಅವನ ಕೈಗೆ ವಜ್ರದ ಕಟರ್ ಕೊಡಲಿಲ್ಲ. ಕೊಟ್ಟದ್ದು ಅಂಗೈಯಗಲದ ಒಂದು ಕಪ್ಪು ಸಾಣೆಕಲ್ಲು. ಕೊಯ್ದ ಗಾಜಿನ ನಾಲ್ಕೂ ಮೂಲೆಗೆ ಆ ಕಲ್ಲನ್ನು ನೀರಿನಲ್ಲಿ ಅದ್ದಿ ನಾಲ್ಕಾರು ಸಲ ಉಜ್ಜಬೇಕು. ಸೂಜಿಯಂಥ ಮೊನೆ ಹೋಗಿ ಮೂಲೆ ಬೆರಳಿಗೆ ಮೆತ್ತಗೆ ತಾಕಬೇಕು. ಇದಕ್ಕೆ ಆ ಅಂಗಡಿಯಲ್ಲಿ ಮೂಲೆ ಮುರಿಯುವುದು ಎಂದು ಹೆಸರು.

“ಗ್ಲಾಸು ಒಯ್ಯಾವ್ರ ಕೈ ನಮ್ಮ ಕೈಯಂಗ ಗಟ್ಟಿ ಇರೂದಿಲ್ಲೋ ತುಕ್ಯಾ,” ಎನ್ನುತ್ತಿದ್ದರು ದಾದಾಸಾಬರು. “ಸಣ್ಣ ಕೂಸು ಮುಟ್ಟತಾವ, ಬಾಣಂತ್ಯಾರು ಮುಟ್ಟತಾರ. ಮೂಲಿ ಮುರೀಲಾರದ ಗ್ಲಾಸು ನಮ್ಮ ಅಂಗಡಿ ಹೊಸ್ತಿಲಾ ದಾಟಬಾರದು, ನೋಡು.”

ದಾಟಲಿಲ್ಲ. ದಾದಾಸಾಬರು ತೀರಿಕೊಂಡರು, ಅಂಗಡಿ ತುಕಾರಾಮನ ಹೆಸರಿಗೆ ಬಂತು, ಫೋಟೊದ ಕಟ್ಟು ಹೋಗಿ ಕಿಟಕಿ, ಕಪಾಟು, ಬಾಗಿಲುಗಳ ಕಾಲ ಬಂತು. ಸಾಣೆಕಲ್ಲು ಮಾತ್ರ ಸವೆದು ಸವೆದು ಬದಲಾಗುತ್ತ ಅವನ ಜೇಬಿನಲ್ಲೇ ಉಳಿಯಿತು. ಗಿರಾಕಿಯ ಜೊತೆ ಮಳೆಯ ಮಾತೋ ಮಗಳ ಮದುವೆಯ ಮಾತೋ ಆಡುತ್ತಿದ್ದಂತೆ ಅವನ ಕೈ ತನ್ನಷ್ಟಕ್ಕೆ ಮೂಲೆ ಮುರಿದು ಮುಗಿಸುತ್ತಿತ್ತು. ಹೊಸ್ತಿಲ ಹತ್ತಿರ ಬಂದರೆ ಕಾಲು ಚಪ್ಪಲಿ ಬಿಡುತ್ತದೆ, ಅದನ್ನು ಯಾರು ನೆನಪಿಟ್ಟು ಮಾಡುತ್ತಾರೆ? ಈಗಷ್ಟೇ ಉಜ್ಜಿದೆಯಾ ಎಂದು ಕೇಳಿದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಊರಿಗೆ ಟಫನ್ ಗ್ಲಾಸು ಬಂತು. ಅಂದರೆ ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು. ಅಳತೆ ಕೊಟ್ಟರೆ ದೂರದ ಕಾರ್ಖಾನೆಯವರೇ ಕೊಯ್ದು, ತೂತು ಹಾಕಿ, ಆಮೇಲೆ ಕಾಯಿಸಿ ಕಳಿಸುತ್ತಿದ್ದರು. ತುಕಾರಾಮನಿಗೆ ಇದು ಸರಿ ಬರಲಿಲ್ಲ. ತಾನು ಕೊಯ್ಯಲಾರದ ಗಾಜು ಅದೆಂಥದ್ದು ಎಂದು ಒಂದು ತುಂಡಿನ ಮೇಲೆ ಗುಟ್ಟಾಗಿ ಕಟರ್ ಎಳೆದು, ಅಂಚು ಒತ್ತಿ ನೋಡಿದ. ಢಂ ಎಂದಿತು. ಮೇಜಿನ ಮೇಲೆ ಗಾಜೇ ಇರಲಿಲ್ಲ. ಕಡಲೆಯಷ್ಟು ದಪ್ಪದ ಹರಳಿನ ರಾಶಿ ಬಿದ್ದಿತ್ತು, ಒಂದಕ್ಕೂ ಚೂಪಾದ ಮೊನೆ ಇರಲಿಲ್ಲ. ಮೂವತ್ತು ವರ್ಷದ ಸೊಕ್ಕು ಒಂದೇ ಏಟಿಗೆ ಇಳಿಯಿತು. ಮರುವಾರ ಅವನು ಆ ಕಾರ್ಖಾನೆಯನ್ನೇ ನೋಡಲು ಹೋದ.

ಅಲ್ಲಿ ರಿಜ್ವಾನ ಎಂಬ ಸೂಪರ್‌ವೈಸರ್ ಅವನನ್ನು ಭಟ್ಟಿಯ ಬಾಯಿಗೆ ಕರೆದುಕೊಂಡು ಹೋದ. ಗಾಜಿನ ಹಾಳೆ ಉರುಳೆಗಳ ಮೇಲೆ ಹೊರಳುತ್ತ ಒಳಗೆ ಹೋಯಿತು, ಕೆಂಪಗಾಗಿ ಹೊರಗೆ ಬಂತು, ಬಂದ ಕೂಡಲೇ ಎರಡೂ ಕಡೆಯಿಂದ ತಣ್ಣನೆಯ ಗಾಳಿ ಭರ್ರನೆ ಬಡಿಯಿತು. ತುಕಾರಾಮ ಬಾಯಿ ತೆರೆದು ನಿಂತ.

“ಹೊರಗಿನ ತೊಗಲು ಮೊದಲ ಆರಿ ಗಟ್ಟಿ ಆಗ್ತೈತ್ರಿ,” ಎಂದು ರಿಜ್ವಾನ ಹೇಳಿದ. “ಒಳಗಿಂದು ತಡಾ ಮಾಡಿ ಆರತೈತಿ. ಆರೂ ಮುಂದ ಅದು ಕುಗ್ಗತೇನಿ ಅಂತೈತಿ, ಹೊರಗಿನ ತೊಗಲು ಬಿಡೂದಿಲ್ಲ. ಅದಕ್ಕ ಒಳಗ ಜಗ್ಗಾಟ, ಹೊರಗ ಬಿಗಿ. ಆ ಬಿಗಿ ಇರೂತನಕ ಗ್ಲಾಸು ಕಲ್ಲಿದ್ದಂಗ.”

ತುಕಾರಾಮನ ಊರು ಕಾಖಂಡಕಿ. ಹುಡುಗನಿದ್ದಾಗ ಅಲ್ಲಿ ಚಕ್ಕಡಿಯ ಗಾಲಿಗೆ ಪಟ್ಟಿ ಏರಿಸುವುದನ್ನು ನೋಡಿದ್ದ. ಕೆಂಡದಂತೆ ಕಾಸಿದ ಕಬ್ಬಿಣದ ಪಟ್ಟಿಯನ್ನು ಕಟ್ಟಿಗೆಯ ಗಾಲಿಗೆ ಏರಿಸಿ ಬಿಂದಿಗೆಗಟ್ಟಲೆ ನೀರು ಸುರಿಯುತ್ತಿದ್ದರು. ಕಬ್ಬಿಣ ಕುಗ್ಗಿ ಕಟ್ಟಿಗೆಯನ್ನು ಹಿಡಿದರೆ ಮುಂದೆ ಇಪ್ಪತ್ತು ವರ್ಷ ಬಿಡುತ್ತಿರಲಿಲ್ಲ. ಅದೇ ಹಿಡಿತ ಈ ಗಾಜಿನ ಒಳಗೆ, ಒಂದು ಬೆರಳಿನ ದಪ್ಪವೂ ಇಲ್ಲದ ಜಾಗದಲ್ಲಿ ಕೂತಿದೆ ಎಂದು ಅವನಿಗೆ ತಿಳಿಯಿತು. ಬಾಗಿಲಾಗಿ ಸುಮ್ಮನೆ ನಿಂತಾಗಲೂ ಅದು ಒಳಗೊಳಗೇ ಜಗ್ಗುತ್ತಿರುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಆಚೆ ಕಡೆಯ ಗೋಡೆ.

“ತಾನಾಗಿ ಎಂದಾದ್ರೂ ಒಡೀತೈತೇನ್ರಿ?” ಎಂದು ಕೇಳಿದ.

“ಲಕ್ಷದಾಗ ಒಂದು. ಗ್ಲಾಸು ಕರಗಿಸೂ ಮುಂದ ರವಾಕ್ಕಿಂತ ಸಣ್ಣದೊಂದು ಕಲ್ಲಿನ ಹಳ್ಳು ಒಳಗ ಉಳದಿದ್ರ, ಅದು ವರ್ಷಗಟ್ಟಲೆ ಮೆಲ್ಲಕ ಉಬ್ಬಕೋತ ಹೋಗಿ ಒಂದಿನ ಒಡಸ್ತೈತಿ. ಇಲ್ಲಾಂದ್ರ ಮೂಲಿಗೆ ಪೆಟ್ಟಾಗಿರಬೇಕು. ಮುಖದ ಮ್ಯಾಲ ಕೊಡತೀಲೆ ಬಡೀರಿ, ತಡಕೊಂತೈತಿ. ಮೂಲಿಗೆ ಕೂದಲೆಳಿಯಷ್ಟು ಗೀರು ಬಿತ್ತಂದ್ರ, ಬಿಸಲಿಗೆ, ತಂಪಿಗೆ, ಬಾಗಲಾ ದಬ್ಬಿದ್ದಕ್ಕ ಅದು ದಿನಾ ಇಷ್ಟಿಷ್ಟ ಒಳಗ ಹೊಕ್ಕೊಂತ ಹೋಗ್ತೈತಿ. ಜಗ್ಗಾಟ ಇರೂ ಜಾಗಾ ಮುಟ್ಟತು, ಮುಗೀತು. ಅವತ್ತ ಯಾರೂ ಮುಟ್ಟಿರೂದಿಲ್ಲ. ಭಟ್ಟಿ ದಾಟಿದ ಮ್ಯಾಲ ಕೊಯ್ಯಬ್ಯಾಡ್ರಿ, ತೂತು ಹಾಕಬ್ಯಾಡ್ರಿ.”

ತುಕಾರಾಮ ತಲೆಯಾಡಿಸಿದ. ಕೊಯ್ಯಬಾರದು, ತೂತು ಹಾಕಬಾರದು. ಮೂಲೆ ಮುರಿಯುವ ಮಾತನ್ನು ರಿಜ್ವಾನ ಎತ್ತಲಿಲ್ಲ, ತುಕಾರಾಮನೂ ಕೇಳಲಿಲ್ಲ. ಅದನ್ನು ಅವನು ಕೆಲಸ ಎಂದು ಎಣಿಸಿದ್ದರೆ ತಾನೆ ಕೇಳುವುದು!

ಊರಿಗೆ ಬಂದ ಮೇಲೆ ಕೇಳಿದ್ದರಲ್ಲಿ ಅರ್ಧವನ್ನೇ ಅವನು ಗಿರಾಕಿಗಳಿಗೆ ಹೇಳಿದ. ವ್ಯಾಪಾರದವರ ನೆನಪು ಹಾಗೆಯೇ, ಮಾರಾಟಕ್ಕೆ ಬೇಕಾದದ್ದು ಉಳಿಯುತ್ತದೆ, ಉಳಿದದ್ದು ಸೋರುತ್ತದೆ. ಅಂಗಡಿಯ ಮುಂದೆ ಟಫನ್ ಗ್ಲಾಸಿನ ಹಾಳೆಯೊಂದನ್ನು ಅಡ್ಡ ಮಲಗಿಸಿ, ಕಟ್ಟಿಗೆಯ ಕೊಡತಿಯಿಂದ ಬಾರಿಸಿ, “ಹತ್ತಿ ಕುಣೀರಿ ಬೇಕಾದ್ರ” ಎನ್ನುತ್ತಿದ್ದ. ನಿಡೋಣಿಯ ದ್ರಾಕ್ಷಿ ಬೆಳೆಗಾರ ಶಿವಯೋಗೆಪ್ಪ ಕುಣಿಯಲಿಲ್ಲ, ಆದರೆ ಕೊಡತಿ ಇಸಿದುಕೊಂಡು ತಾನೂ ಎರಡು ಬಾರಿಸಿ ಒಪ್ಪಿದ. ಅವನ ಹೊಸ ಮನೆಯ ದೇವರ ಖೋಲಿಗೆ ಎರಡು ಕದದ ಗಾಜಿನ ಬಾಗಿಲು ದೀಪಾವಳಿಗೆ ಮೊದಲು ಹೋಗಿ ಕೂತಿತು.

ಮಾರ್ಚ್ ತಿಂಗಳ ಒಂದು ಸಂಜೆ ಶಿವಯೋಗೆಪ್ಪನ ಫೋನು ಬಂತು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು, ತುಕಾರಾಮನ ಕೈಯಲ್ಲಿ ಕೊಡತಿ.

“ಮಿಸ್ತ್ರಿ, ನಿನ್ನ ಬಾಗಲದ ಒಂದು ಕದಾ ಒಡದೈತಲ್ಲೋ.”

“ಏನು ಬಡದಿತ್ರಿ?”

“ಏನೂ ಬಡದಿಲ್ಲಂತ. ನಾವೆಲ್ಲಾ ತ್ವಾಟದಾಗಿದ್ವಿ. ಮನ್ಯಾಗ ನಮ್ಮ ಸೊಸಿ ಒಬ್ಬಾಕಿನ ಇದ್ಲು. ತಾನ ಒಡೀತು ಅಂತಾಳ. ಹಂಗ ಒಡೀತೈತೇನ?”

ರಿಜ್ವಾನನ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಗಂಟಲ ತನಕ ಬಂತು. ಗಿರಾಕಿಗಳಿಬ್ಬರೂ ಕಿವಿ ನಿಮಿರಿಸಿ ನೋಡುತ್ತಿದ್ದರು.

“ಟಫನ್ ಗ್ಲಾಸು ತನ್ನಷ್ಟಕ್ಕ ತಾನ ಒಡಿಯೂದು ಅನ್ನೂದು ಇಲ್ರಿ ಸಾವಕಾರ್ರ,” ಎಂದ ತುಕಾರಾಮ. “ಯಾರರ ಏನರ ಬಡದಿರಬೇಕು.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೊಸ ಬಾಗಿಲಿನ ಅಳತೆಗೆ ಬಿಡುವಾದಾಗ ಬರುತ್ತೇನೆ ಎಂದು ಹೇಳಿ ಅವನು ಫೋನು ಇಟ್ಟ. ಬಿಡುವಾದದ್ದು ಹನ್ನೆರಡು ದಿನಕ್ಕೆ. ಆ ಹನ್ನೆರಡು ದಿನ ನಿಡೋಣಿಯ ಆ ಮನೆಯಲ್ಲಿ ಏನು ನಡೆಯಿತೆಂಬುದು ಅವನಿಗೆ ಗೊತ್ತಿರಲಿಲ್ಲ.

ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ನಿಡೋಣಿಗೆ ಬಂದಾಗ ಹೊತ್ತು ಹತ್ತೂವರೆ. ಶಿವಯೋಗೆಪ್ಪ ಬಾಗಿಲಿಗೆ ಬಂದು ಕರೆದ, ಆದರೆ ಎಂದಿನ ನಗು ಇರಲಿಲ್ಲ. ಮಗ ಸಂಗು ಒಂದು ಮೂಲೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದ. ಮದುವೆಯಾಗಿ ನಾಲ್ಕು ತಿಂಗಳಾದ ಗಂಡಸು, ತಾಯಿಗೂ ಹೆಂಡತಿಗೂ ನಡುವೆ ಮಾತು ಬಂದಾಗ ಮೊಬೈಲಿನಷ್ಟು ಸುರಕ್ಷಿತ ಜಾಗ ಬೇರೆ ಎಲ್ಲಿದೆ ಹೇಳಿ. ದೇವರ ಖೋಲಿಯ ಎಡಗಡೆಯ ಕದ ಇರಲಿಲ್ಲ. ಬಲಗಡೆಯದು ಹಾಗೇ ನಿಂತಿತ್ತು, ಅದರ ಬುಡಕ್ಕೆ ಒತ್ತಿ ಶಿವಯೋಗೆಪ್ಪನ ಹೆಂಡತಿ ಕಾಶಿಬಾಯಿ ಹೂ ಕಟ್ಟುತ್ತ ಕೂತಿದ್ದಳು. ಪೂಜೆಗೂ ಅಲ್ಲೇ, ಬಿಡುವಿಗೂ ಅಲ್ಲೇ ಅವಳು ಕೂರುವುದು.

ಸೊಸೆ ನಂದಾ ಚಹಾ ತಂದಳು. ಇಪ್ಪತ್ತೆರಡರ ಹುಡುಗಿ, ಟಿಕೋಟಾದ ಮಗಳು. ಕಾಶಿಬಾಯಿ ಅವಳ ಮುಖ ನೋಡದೆ “ಅಲ್ಲೆ ಕೆಳಗ ಇಡು” ಎಂದಳು. ಆ ಎರಡು ಮಾತಿಗೆ ಮನೆ ಇನ್ನಷ್ಟು ತಣ್ಣಗಾಯಿತು. ತುಕಾರಾಮನಿಗೆ ಸುಮ್ಮನಿರಲಾಗದೆ, “ಹೋಗ್ಲಿ ಬಿಡ್ರಿ, ಒನಕಿ ತಾಗಿತ್ತೋ ಏನು ಕೊಡಾ ತಾಗಿತ್ತೋ” ಎಂದು ನಗಲು ನೋಡಿದ.

“ನೀವೂ ಅದನ್ನ ಅಂತೀರಿ,” ಎಂದಳು ಕಾಶಿಬಾಯಿ. “ಅವತ್ತ ಫೋನಿನ್ಯಾಗ ನೀವು ಅಂದದ್ದು ಎಲ್ಲಾರೂ ಕೇಳೀವಿ. ಅಣ್ಣಾ, ಗ್ಲಾಸು ಒಡದದ್ದಕ್ಕ ನನಗ ಸಿಟ್ಟಿಲ್ಲ. ನಾನೂ ಈ ಮನಿಗೆ ಬಂದ ಹೊಸದಾಗಿ ನಮ್ಮ ಅತ್ತಿ ಭರಣಿ ಒಡದೇನಿ, ಒಡದ್ನಿ ಅಂತ ಹೇಳೇನಿ. ಇಕಿ ಒಂದ ಮಾತು ‘ಕೈತಪ್ಪಿ ಆತ್ರಿ ಅತ್ತಿ’ ಅಂದಿದ್ರ ಮುಗೀತಿತ್ತು. ಹನ್ನೆರಡ ದಿನಾ ಆತು, ತಾನ ಒಡೀತು, ತಾನ ಒಡೀತು. ಸುಳ್ಳ ಹೇಳಾಕಿ ಕೈಯಾಗ ನಾ ಮನಿ ಹೆಂಗ ಕೊಡ್ಲಿ?”

ಶಿವಯೋಗೆಪ್ಪ ಉಳಿದದ್ದನ್ನು ಹೇಳಿದ. ಇವತ್ತು ನಂದಾಳ ತಂದೆ ಭೀಮಾಶಂಕರ ಟಿಕೋಟಾದಿಂದ ಬರುತ್ತಿದ್ದಾನೆ. ಅವನ ಎದುರಿಗೆ ಅವಳು ದೇವರ ಮುಂದಿನ ವಿಭೂತಿ ಮುಟ್ಟಿ ಆಣೆ ಮಾಡಬೇಕು, ಇಲ್ಲವೇ ತಂದೆಯ ಜೊತೆ ಹೊರಡಬೇಕು. ಮತ್ತೆ ಕರೆಸುವುದು ಯಾವಾಗ ಎಂದು ಅವನು ಹೇಳಲಿಲ್ಲ.

ತುಕಾರಾಮನಿಗೆ ತನ್ನ ಫೋನಿನ ಮಾತು ನೆನಪಾಯಿತು. ಆ ಹುಡುಗಿ ಒಂದು ದಿನವೂ ಕಾಣದ ಗಂಡಸು, ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಕೊಡತಿ ಹಿಡಿದು ನಿಂತು, ಇಬ್ಬರು ಗಿರಾಕಿಗಳ ಮುಂದೆ ಮಾನ ಉಳಿಸಿಕೊಳ್ಳಲು ಆಡಿದ ಒಂದು ಮಾತು ಅವಳನ್ನು ಸುಳ್ಳಿ ಮಾಡಿ ಕೂರಿಸಿತ್ತು. ಅವನು ಕಪ್ಪು ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಹೋದ.

“ಯವ್ವಾ ತಂಗಿ, ಅವತ್ತ ಏನಾತು ಹೇಳವಾ. ನಾ ಯಾರ ಕಡಿಯಿಂದಲೂ ಕೇಳಾಕತ್ತಿಲ್ಲ. ಸುಮ್ನ ಹೇಳು.”

ನಂದಾ ಅವನನ್ನು ಒಂದು ಗಳಿಗೆ ನೋಡಿದಳು. ಏನಾಯಿತು ಎಂದು ಕೇಳಿದವರಲ್ಲಿ ಅವನೇ ಮೊದಲಿಗ. ಉಳಿದವರೆಲ್ಲ ಏನು ಒಗೆದೆ, ಏನು ತಾಗಿಸಿದೆ ಎಂದೇ ಕೇಳಿದ್ದರು.

“ಹಗಲು ಎರಡರ ಸುಮಾರರಿ. ನಾ ಕಸಾ ಹೊಡದು ಖೋಲಿ ಮುಂದ ಹಾಯ್ದು ಹೊಂಟಿದ್ನಿ. ಲಾರಿ ಟಾಯರ್ ಒಡದಂಗ ಸಪ್ಪಳಾತು. ಹೊಳ್ಳಿ ನೋಡಿದ್ರ ಕದಾನ ಇಲ್ಲ. ನೆಲದ ತುಂಬ ಹರಳು. ಮತ್ತ…” ಅವಳು ನಿಲ್ಲಿಸಿದಳು. “ಹೇಳಿದ್ರ ನಗ್ತೀರಿ. ಇವ್ರೂ ನಕ್ಕಾರ.”

“ನಗೂದಿಲ್ಲ, ಹೇಳು.”

“ಒಡದ ಮ್ಯಾಲೂ ಅದು ಸುಮ್ಮನಾಗಲಿಲ್ರಿ. ನೆಲದ ಮ್ಯಾಲ ಬಿದ್ದ ಹರಳು ಚಟಚಟ ಚಟಚಟ ಅನ್ನಾಕತ್ತಿದ್ವು. ಪಂಚಮಿಗೆ ಜ್ವಾಳದ ಅಳ್ಳು ಹುರಿಯೂ ಮುಂದ ಸಿಡೀತಾವಲ್ಲ, ಹಂಗ. ನಾ ಅಲ್ಲೆ ನಿಂತ ಕೇಳಾಕತ್ತಿದ್ನಿ.”

ಆ ಸದ್ದನ್ನು ತುಕಾರಾಮನೂ ಕೇಳಿದ್ದ, ಎಂಟು ವರ್ಷದ ಹಿಂದೆ, ತನ್ನ ಮೇಜಿನ ಮೇಲೆ. ಒಳಗಿನ ಜಗ್ಗಾಟ ಒಂದೇ ಸಲಕ್ಕೆ ತೀರುವುದಿಲ್ಲ, ಹರಳಾಗಿ ಬಿದ್ದ ಮೇಲೂ ಒಂದೊಂದು ಹರಳು ಮತ್ತೆ ಸೀಳುತ್ತ ಮಾತಾಡುತ್ತದೆ. ಒನಕೆ ತಾಗಿಸಿ ಗಾಬರಿಯಾಗಿ ಸುಳ್ಳು ಕಟ್ಟುವವಳು ಇಂಥದ್ದನ್ನು ಕಟ್ಟಲಾರಳು. ಈ ಹುಡುಗಿ ಖರೇ ಹೇಳುತ್ತಿದ್ದಾಳೆ ಎಂದು ಅವನಿಗೆ ಆಗಲೇ ಗೊತ್ತಾಯಿತು. ಹಾಗಾದರೆ ರಿಜ್ವಾನ ಹೇಳಿದ ಹಳ್ಳು ಒಳಗೆ ಇದ್ದಿರಬೇಕು, ಲಕ್ಷದಲ್ಲಿ ಒಂದು ತನ್ನ ಪಾಲಿಗೇ ಬಂತು ಎಂದುಕೊಂಡ. ಎದೆ ಸ್ವಲ್ಪ ಹಗುರಾಯಿತು. ಕಾರ್ಖಾನೆಯ ದೋಷ, ಹುಡುಗಿಯದೂ ಅಲ್ಲ, ತನ್ನದೂ ಅಲ್ಲ.

ನಿಂತಿದ್ದ ಬಲಗಡೆಯ ಕದದ ಅಳತೆ ತೆಗೆಯಲು ಬಗ್ಗಿದ. ಅಳತೆಯ ಪಟ್ಟಿ ಎಳೆಯುವಾಗ ಹೆಬ್ಬೆರಳು ಕೆಳಗಿನ ಮೂಲೆಗೆ ತಾಕಿತು. ಕಾರ್ಖಾನೆಯ ಮೂಲೆ ಸೂಜಿಯಂತಿರುತ್ತದೆ, ಹೊಳೆಯುತ್ತಿರುತ್ತದೆ. ಇದು ಮೆತ್ತಗಿತ್ತು. ಕನ್ನಡಕ ಏರಿಸಿ ನೋಡಿದ. ಮೂಲೆ ಹಿಟ್ಟು ಸವರಿದಂತೆ ಬೆಳ್ಳಗಿತ್ತು, ಆ ಬಿಳುಪಿನಲ್ಲಿ ನಾಲ್ಕಾರು ಸಣ್ಣ ಗೀರು. ಎಡಗಡೆ ಒಡೆದ ಕದದ ಕೆಳಗಿನ ಲೋಹದ ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಹರಳು ಸಿಕ್ಕಿಕೊಂಡಿದ್ದವು. ಅದರ ಮೂಲೆಯೂ ಬಿಳಿ. ಅಲ್ಲಿಂದಲೇ ಬಿರುಕುಗಳು ಬೀಸಣಿಗೆ ಬಿಚ್ಚಿದಂತೆ ಮೇಲಕ್ಕೆ ಹೋಗಿದ್ದವು.

ಅವನಿಗೆ ತನ್ನ ಕೈ ಗುರುತಾಯಿತು. ಕೂರಿಸಿದ ದಿನ ಶಿವಯೋಗೆಪ್ಪನ ಜೊತೆ ದ್ರಾಕ್ಷಿಯ ಮಾತಾಡುತ್ತ, ಕಾಶಿಬಾಯಿಯ ಸೆರಗು ಸಿಕ್ಕಬಾರದೆಂದೋ, ನಾಳೆ ಈ ಮನೆಯಲ್ಲಿ ಆಡುವ ಕೂಸಿನ ಹಣೆಗೆ ತಾಗಬಾರದೆಂದೋ, ಜೇಬಿನ ಕಲ್ಲು ತೆಗೆದು ಎಂಟೂ ಮೂಲೆ ಮುರಿದಿದ್ದ. ನೆನಪಿರಲಿಲ್ಲ, ಆದರೆ ಮಾಡಿದ್ದ. ಸಾದಾ ಗಾಜಿಗೆ ಅದು ಕರುಣೆ. ಈ ಗಾಜಿಗೆ ಅದೇ ಪೆಟ್ಟು. ದೀಪಾವಳಿಯಿಂದ ಮಾರ್ಚ್ ತನಕ ಆ ಗೀರು ಯಾರ ಕಣ್ಣಿಗೂ ಬೀಳದೆ, ದಿನಕ್ಕಿಷ್ಟು ಒಳಗೆ ನಡೆದು, ಒಂದು ಮಧ್ಯಾಹ್ನ ಎರಡು ಗಂಟೆಗೆ ತನ್ನ ಜಾಗ ಮುಟ್ಟಿತ್ತು. ತುಕಾರಾಮ ಅಲ್ಲೇ ಮೊಣಕಾಲೂರಿ ಕೂತ. ತನ್ನ ಕೈ ಮಾಡಿದ ತಪ್ಪಿಗಿಂತಲೂ ಆ ತಪ್ಪು ನಾಲ್ಕು ತಿಂಗಳು ತಾಳಿಕೊಂಡು ನಡೆದ ಬಗೆ ನೆನೆದು ಅವನು ಮೊದಲ ಸಲ ಗಾಜಿಗೆ ಹೆದರಿದ.

ಅಷ್ಟರಲ್ಲಿ ಭೀಮಾಶಂಕರ ಬಂದ. ಮಗಳ ಮುಖ ನೋಡಿ, ಬೀಗರ ಮುಖ ನೋಡಿ, ನೀರು ಕುಡಿದು ಕೂತ. ಕಾಶಿಬಾಯಿ ವಿಭೂತಿಯ ತಟ್ಟೆ ತಂದು ನಡುವೆ ಇಟ್ಟಳು.

“ಮುಟ್ಟಿ ಹೇಳಿಬಿಡವಾ,” ಎಂದ ಭೀಮಾಶಂಕರ. “ಮುಗದ ಹೋಗ್ಲಿ.”

“ಮುಟ್ಟೂದಿಲ್ಲಪ್ಪಾ,” ಎಂದಳು ನಂದಾ. “ವಿಭೂತಿ ಹಣೀಗೆ ಹಚ್ಚಕೊಳ್ಳಾಕ ಐತಿ. ಗ್ಲಾಸಿನ ಸಲುವಾಗಿ ಮುಟ್ಟಾಕಲ್ಲ. ಇವತ್ತ ಗ್ಲಾಸಿಗೆ ಮುಟ್ಟಿದ್ರ ನಾಳೆ ಹಾಲು ಉಕ್ಕಿದ್ದಕ್ಕೂ ಮುಟ್ಟಬೇಕಾಗ್ತೈತಿ. ನಾ ಖರೇ ಹೇಳೇನಿ. ಹೊಂಡೂಣು ನಡಿ.”

ಅವಳು ಬ್ಯಾಗು ತರಲು ಒಳಗೆ ಹೊರಟಳು. ಸಂಗು ಮೊಬೈಲು ಕೆಳಗಿಟ್ಟ.

ತುಕಾರಾಮನ ನಾಲಗೆಯ ತುದಿಯಲ್ಲಿ ಹಳ್ಳಿನ ಮಾತು ಸಿದ್ಧವಾಗಿ ಕೂತಿತ್ತು. ಕಾರ್ಖಾನೆಯಲ್ಲೇ ಒಳಗೆ ಹಳ್ಳು ಉಳಿದಿತ್ತು, ಅದಕ್ಕೇ ಒಡೆಯಿತು ಎಂದರೆ ಹುಡುಗಿಯೂ ಗೆದ್ದಳು, ತಾನೂ ಗೆದ್ದ. ಸಾಕ್ಷಿ ಕೇಳುವವರು ಯಾರು? ಕೇಳಿದರೂ ರವೆಗಿಂತ ಸಣ್ಣದನ್ನು ಎಲ್ಲಿಂದ ತರುವುದು? ಬಾಯಿ ತೆರೆದೇ ಬಿಟ್ಟಿದ್ದ. ಕಣ್ಣು ಬಲಗಡೆಯ ಕದದ ಮೇಲೆ ಬಿತ್ತು. ಅದರ ಬುಡದಲ್ಲಿ ಕಾಶಿಬಾಯಿ ಮತ್ತೆ ಬೆನ್ನು ಆನಿಸಿ ಕೂತಿದ್ದಳು. ಹಳ್ಳಿನ ಮಾತು ಹೇಳಿದರೆ ಈ ಕದ ಇಲ್ಲೇ ಉಳಿಯುತ್ತದೆ.

“ಅಕ್ಕಾರ, ಮೊದಲ ಅಲ್ಲಿಂದ ಏಳ್ರಿ,” ಎಂದ. ದನಿ ಅವನದೇ ಅನ್ನಿಸಲಿಲ್ಲ. “ಏಳ್ರಿ ಅಂದೆ. ಆ ಕದಾನೂ ಒಡೀತೈತಿ. ಇವತ್ತೋ ನಾಳೆನೋ ನನಗ ತಿಳೀದು. ತಂಗಿ, ನೀ ಹೋಗಬ್ಯಾಡ ನಿಲ್ಲು. ತಪ್ಪು ನಿಂದಲ್ಲ. ನಂದು.”

ಹೇಳಿದ. ದಾದಾಸಾಬರ ಕಲ್ಲಿನಿಂದ ಹಿಡಿದು ಫೋನಿನ ಮಾತಿನ ತನಕ ಎಲ್ಲ ಹೇಳಿದ. ಶಿವಯೋಗೆಪ್ಪನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕಾಶಿಬಾಯಿಗೆ ನಂಬಿಕೆಯೇ ಬರಲಿಲ್ಲ. ಸೊಸೆಯನ್ನು ಉಳಿಸಲು ದೊಡ್ಡ ಮನಸ್ಸಿನ ಮುದುಕ ತಪ್ಪು ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ ಎಂದೇ ಅವಳು ತಿಳಿದಳು.

“ಒಂದು ಸಣ್ಣ ಗೀರಿಗೆ ಇಷ್ಟ ದೊಡ್ಡ ಕದಾ ಒಡೀತೈತಿ ಅಂದ್ರ ಯಾರು ನಂಬ್ತಾರಣ್ಣಾ?” ಎಂದಳು.

“ಎರಡು ಕೌದಿ ಕೊಡ್ರಿ,” ಎಂದ ತುಕಾರಾಮ.

ಅವನೂ ಸಂಗುವೂ ತಿರುಪು ಬಿಚ್ಚಿ, ಉಸಿರು ಹಿಡಿದು ಬಲಗಡೆಯ ಕದವನ್ನು ಇಳಿಸಿ ಅಂಗಳಕ್ಕೆ ತಂದರು. ಒಂದು ಕೌದಿ ಹಾಸಿ ಅದರ ಮೇಲೆ ಮಲಗಿಸಿದರು. ತುಕಾರಾಮ ತನ್ನ ಚೀಲದಲ್ಲಿದ್ದ ಕೊಡತಿಯನ್ನು ಶಿವಯೋಗೆಪ್ಪನಿಗೆ ಕೊಟ್ಟು ನಟ್ಟನಡುವೆ ಬಾರಿಸಲು ಹೇಳಿದ. ಶಿವಯೋಗೆಪ್ಪ ಮೊದಲು ಮೆಲ್ಲಗೆ, ಆಮೇಲೆ ಗೂಟ ಬಡಿಯುವಂತೆ ಬಲವಾಗಿ ಬಾರಿಸಿದ. ಠಣ್ ಎಂದಿತು, ಗಾಜಿಗೆ ಏನೂ ಆಗಲಿಲ್ಲ. ಎಲ್ಲರನ್ನೂ ಕಟ್ಟೆಯ ಮೇಲೆ ಹತ್ತಿಸಿ, ಎರಡನೆಯ ಕೌದಿಯನ್ನು ಗಾಜಿನ ಮೇಲೆ ಹೊದಿಸಿ, ಬೆಳ್ಳಗಾಗಿದ್ದ ಒಂದು ಮೂಲೆಯನ್ನು ಮಾತ್ರ ಹೊರಗೆ ಬಿಟ್ಟ. ಅದರ ಗೀರಿಗೆ ಒಂದು ಮೊಳೆಯ ಮೊನೆ ಇಟ್ಟು, ಸಣ್ಣ ಸುತ್ತಿಗೆಯಿಂದ, ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯುವಷ್ಟೇ ಬಲದಲ್ಲಿ ತಟ್ಟಿದ.

ಢಂ ಎಂದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿ ಎದ್ದು ನಿಂತಿತು. ಬೇವಿನ ಗಿಡದ ಹಕ್ಕಿಗಳೆಲ್ಲ ಒಮ್ಮೆಲೇ ಹಾರಿದವು. ಕೌದಿ ಒಂದು ಗೇಣು ಮೇಲೆದ್ದು ಬಿತ್ತು. ಆಮೇಲೆ ಎಲ್ಲರಿಗೂ ಕೇಳಿಸಿತು. ಕೌದಿಯ ಕೆಳಗಿನಿಂದ ಚಟಚಟ, ಚಟಚಟ. ಬಾಣಲೆಯಲ್ಲಿ ಅಳ್ಳು ಸಿಡಿದಂತೆ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಒಂದು, ಮತ್ತೆ ಎರಡು.

ತುಕಾರಾಮ ಕೌದಿ ಎತ್ತಿದ. ಆಳೆತ್ತರದ ಗಾಜು ಸಾವಿರಾರು ಹರಳಾಗಿ ಬಿಸಿಲಿಗೆ ಉರಿಯುತ್ತಿತ್ತು, ಆದರೆ ಕದದ ಆಕಾರ ಇನ್ನೂ ಬಿಟ್ಟಿರಲಿಲ್ಲ. ಅವನಿಗೆ ಅದು ಗೊತ್ತಿದ್ದ ಸಂಗತಿ, ಆದರೂ ಕೈ ಜೋಡಿಸಿದ. ಶಿವಯೋಗೆಪ್ಪ ಕೊಡತಿ ಹಿಡಿದೇ ಕಟ್ಟೆಯ ಮೇಲೆ ಕುಕ್ಕರಿಸಿದ. “ಯಪ್ಪಾ ಶಿವನ, ಇಷ್ಟು ಒಳಗ ಇಟಗೊಂಡು ಸುಮ್ನ ನಿಂತಿತ್ತಲ್ಲೋ ಇದು,” ಎಂದ.

ಕಾಶಿಬಾಯಿ ಗಾಜು ನೋಡಲಿಲ್ಲ. ಅವಳ ಕಣ್ಣು ಸೊಸೆಯ ಮೇಲಿತ್ತು. ಹನ್ನೆರಡು ದಿನ ಅಳ್ಳಿನ ಮಾತಿಗೆ ನಕ್ಕಿದ್ದಳಲ್ಲ, ಈಗ ಅದೇ ಸದ್ದು ಅವಳ ಕಿವಿಯಲ್ಲಿತ್ತು. ಮೆಲ್ಲಗೆ ನಂದಾಳ ಹತ್ತಿರ ಹೋದಳು.

“ಅವತ್ತ ನೀ ಮುಂದನ ನಿಂತಿದ್ದೇನ ಬೇ?” ಎಂದಳು. “ನಿನಗ ಬಡೀತೇನ?”

ನಂದಾ ಸೀರೆಯ ನೆರಿಗೆ ಸ್ವಲ್ಪ ಎತ್ತಿದಳು. ಎಡಗಾಲಿನ ಮೀನಖಂಡದ ಮೇಲೆ ಒಣಗಿದ ಸಣ್ಣ ಸಣ್ಣ ಗಾಯಗಳು, ಹತ್ತೋ ಹನ್ನೆರಡೋ.

“ಅವತ್ತ ಕೇಳಬೇಕಾಗಿತ್ರಿ ಅತ್ತಿ,” ಎಂದಳು.

ಕಾಶಿಬಾಯಿ ಅಂಗಳದಲ್ಲೇ ಕೂತು, ಆ ಕಾಲು ಹಿಡಿದು ಅತ್ತಳು. ನಂದಾ ಅಳಲಿಲ್ಲ. ಹನ್ನೆರಡು ದಿನದ ಸಿಟ್ಟು ಒಂದು ಢಂ ಸದ್ದಿಗೆ ಹೋಗುವಂಥದ್ದಲ್ಲ. ಅವಳು ಅಂದು ತಂದೆಯ ಜೊತೆ ಟಿಕೋಟಾಕ್ಕೆ ಹೋದಳು, ಯಾರೋ ಕಳಿಸಿದ್ದಕ್ಕಲ್ಲ, ತಾನೇ ಹೋಗಬೇಕೆಂದು. ಎಂಟನೆಯ ದಿನ ಕಾಶಿಬಾಯಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಂಗುವನ್ನು ಕರೆದುಕೊಂಡು ತಾನೇ ಬೀಗರ ಮನೆಗೆ ಹೋಗಿ ಅವಳನ್ನು ಕರೆತಂದಳು. ಬಸ್ಸಿನಲ್ಲಿ ಸಂಗು ಮೊಬೈಲು ಹೊರಗೆ ತೆಗೆಯಲಿಲ್ಲವಂತೆ.

ಅಂದು ಅಂಗಳದಲ್ಲಿ ಹರಳು ಬಳಿಯುವಾಗ ಶಿವಯೋಗೆಪ್ಪ ತುಕಾರಾಮನಿಗೆ, “ಕಾರ್ಖಾನಿ ಮ್ಯಾಲ ಹಾಕಿದ್ರ ನಿನ್ನ ಹೆಸರರ ಉಳೀತಿತ್ತಲ್ಲೋ ಮಿಸ್ತ್ರಿ” ಎಂದ. ತುಕಾರಾಮ ಹರಳು ಬಳಿಯುತ್ತಲೇ ಇದ್ದ. ಅವನ ತಲೆಯಲ್ಲಿ ಬೇರೆ ಬಾಗಿಲುಗಳು ನಿಂತಿದ್ದವು. ಎಂಟು ವರ್ಷದಲ್ಲಿ ವಿಜಯಪುರದಲ್ಲಿ, ಟಿಕೋಟಾದಲ್ಲಿ, ಬಬಲೇಶ್ವರದಲ್ಲಿ ಅವನು ಕೂರಿಸಿದ ಬಾಗಿಲುಗಳು, ಬಚ್ಚಲುಮನೆಯ ಮರೆಗಳು, ಊಟದ ಮೇಜುಗಳು. ಎಲ್ಲದರ ಮೂಲೆಯೂ ಅವನ ಕರುಣೆಯಿಂದ ಮೆತ್ತಗಾಗಿತ್ತು. ಕೆಲವು ನೂರು ವರ್ಷ ನಿಂತಾವು. ಕೆಲವು ಈ ಮಧ್ಯಾಹ್ನವೇ ಬಿದ್ದಾವು. ಯಾವುದು ಯಾವಾಗ ಎಂದು ಮನುಷ್ಯಮಾತ್ರದವನಿಗೆ ತಿಳಿಯುವಂತಿಲ್ಲ.

ಆ ಬೇಸಿಗೆಯೆಲ್ಲ ಅವನು ಮನೆಮನೆ ತಿರುಗಿದ. ಒಬ್ಬ ಬೈದ, ಒಬ್ಬ ಹುಚ್ಚನೆಂದ, ಒಬ್ಬ ಬಾಗಿಲು ಬಿಚ್ಚಲು ಬಿಡದೆ ಹೊರಗೆ ಕಳಿಸಿದ. ಅವನ ಮನೆಗೆ ತುಕಾರಾಮ ಮೂರು ಸಲ ಹೋದ. ಗಾಜು ನೆಟ್ಟಗೆ ನಿಂತಿರುವಾಗ ಒಡೆಯುತ್ತದೆ ಎಂದರೆ ಯಾರು ತಾನೆ ಕೇಳಿಯಾರು? ಎಲ್ಲರೂ ಅವನಿಗೆ ಕೇಳುತ್ತಿದ್ದದ್ದು ಒಂದೇ ಮಾತು, ಹೀಗೆಂದು ನಿನಗೆ ಹೇಳಿದವರು ಯಾರು ಎಂದು. ಕಾರ್ಖಾನೆಯ ಹೆಸರನ್ನಾಗಲಿ, ರಿಜ್ವಾನನ ಹೆಸರನ್ನಾಗಲಿ ಅವನು ಹೇಳಲಿಲ್ಲ.

“ನಿಡೋಣ್ಯಾಗ ಒಬ್ಬಾಕಿ ಹೆಣ್ಣಮಗಳು ಹೇಳಿದ್ಲರಿ,” ಎನ್ನುತ್ತಿದ್ದ. “ಮೊದಲ ದಿನಾನ ಖರೇ ಹೇಳಿದ್ಲು. ಹನ್ನೆರಡ ದಿನಾ ನಾವು ನಂಬಲಿಲ್ಲ.”